ಶಿಶುವಿಹಾರದಲ್ಲಿ ಹಲ್ಲುಜ್ಜುವ ಹೊತ್ತು

ಸ್ಕಾಟ್ಲೆಂಡಿನ ಶಿಶುವಿಹಾರಗಳಲ್ಲಿ ಆಟ, ಹಾಡು, ತಿಂಡಿಯ ಹಾಗೆ ಹಲ್ಲುಜ್ಜುವುದಕ್ಕೂ ಒಂದು ಹೊತ್ತಿದೆ. ಪ್ರತಿ ಮಗುವಿನ ಬ್ರಷ್ಷಿಗೂ ಬೇರೆ ಗುರುತು. ಒಂದಕ್ಕೊಂದು ತಾಗದಂತೆ ಸ್ಟ್ಯಾಂಡಿನಲ್ಲಿ ಬೇರೆ ಜಾಗ. ಹಲವರಿಗೆ ಒಂದೇ ಟ್ಯೂಬಾದರೆ ಪೇಸ್ಟನ್ನು ನೇರ ಬ್ರಷ್ಷಿಗೆ ಹಾಕುವುದಿಲ್ಲ. ತಟ್ಟೆಯ ಮೇಲೆ ದೂರದೂರ ಇಟ್ಟು, ಅಲ್ಲಿಂದ ತೆಗೆದುಕೊಳ್ಳುತ್ತಾರೆ. ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗಬಾರದೆಂಬ ಎಚ್ಚರ ಅದು. 2006ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ 2011ರ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿದ ‘ಚೈಲ್ಡ್‌ಸ್ಮೈಲ್’ ಯೋಜನೆಯ ಹೆಚ್ಚುಗಾರಿಕೆ ಇಂಥ ಸಣ್ಣ ವ್ಯವಸ್ಥೆಗಳಲ್ಲೇ ಇದೆ.

ಚಾಕಲೇಟ್ ತಿಂದರೆ ಹಲ್ಲಿಗೆ ಹುಳ ಬೀಳುತ್ತೆ ಎಂದು ಹೆದರಿಸುವುದರಿಂದ ಮೂರು ವರ್ಷದ ಮಗು ಹಲ್ಲುಜ್ಜುವುದನ್ನು ಕಲಿಯುವುದಿಲ್ಲ. ಪಕ್ಕದ ಗೆಳತಿ ಉಜ್ಜುತ್ತಿದ್ದರೆ ತಾನೂ ಉಜ್ಜುತ್ತದೆ. ದವಡೆಯ ಹಿಂಬದಿ ಮುಟ್ಟುವ ಚಳಕ ಆ ಪುಟ್ಟ ಕೈಗೆ ಇನ್ನೂ ಬಂದಿರುವುದಿಲ್ಲ. ಸುಮಾರು ಏಳು ವರ್ಷದವರೆಗೂ ದೊಡ್ಡವರು ಜೊತೆಗಿರಲೇಬೇಕು. ಪೇಸ್ಟು ಮೂರು ವರ್ಷದೊಳಗಿನವರಿಗೆ ಸವರಿದಷ್ಟು, ಆಮೇಲೆ ಬಟಾಣಿಯಷ್ಟು. ಉಜ್ಜಿದ ಮೇಲೆ ಉಗುಳಬೇಕು, ಆದರೆ ನೀರು ಹಾಕಿ ಮುಕ್ಕಳಿಸಬಾರದು. ಚೊಂಬು ನೀರಿನಲ್ಲಿ ಬಾಯಿ ತೊಳೆದರೇ ಸಮಾಧಾನವಾಗುವ ನಮ್ಮ ಮನೆಗಳಿಗೆ ಇದು ಒಗ್ಗದ ಮಾತು. ಮುಕ್ಕಳಿಸಿದರೆ ಹಲ್ಲಿನ ಮೇಲೆ ನಿಂತು ಹುಳುಕು ತಡೆಯಬೇಕಾದ ಫ್ಲೋರೈಡ್ ನೀರಿನ ಜೊತೆ ಹೋಗಿಬಿಡುತ್ತದೆ.

ಫಲ ಕಣ್ಣಿಗೆ ಕಾಣುವಂಥದು. 2003ರಲ್ಲಿ ಆಗತಾನೇ ಶಾಲೆ ಸೇರಿದ ಮಕ್ಕಳಲ್ಲಿ ಹುಳುಕಿಲ್ಲದವರು ಶೇ. 45ರಷ್ಟಿದ್ದರು, 2020ರಲ್ಲಿ ಶೇ. 73 ದಾಟಿದರು. ಐದು ವರ್ಷದವರ ಹಲ್ಲಿನ ಚಿಕಿತ್ಸೆಯ ವೆಚ್ಚ ಎಂಟು ವರ್ಷಗಳಲ್ಲಿ ಸುಮಾರು 88 ಲಕ್ಷ ಪೌಂಡಿನಿಂದ 40 ಲಕ್ಷಕ್ಕೆ ಇಳಿಯಿತು. ಶಿಶುವಿಹಾರಗಳಲ್ಲಿ ಹಲ್ಲುಜ್ಜಿಸಲು ಆಗ ವರ್ಷಕ್ಕೆ ತಗಲುತ್ತಿದ್ದುದು ಸುಮಾರು 18 ಲಕ್ಷ ಪೌಂಡ್. ಪ್ರಜ್ಞೆ ತಪ್ಪಿಸಿ ಹಾಲುಹಲ್ಲು ಕೀಳಿಸಿಕೊಳ್ಳುವ ಸಂಕಟದಿಂದ ಪಾರಾದ ಮಕ್ಕಳ ನೆಮ್ಮದಿ ಈ ಹಣದ ಲೆಕ್ಕದಲ್ಲಿ ಸೇರಿಲ್ಲ.

ಹಾಗಿದ್ದೂ ಯೋಜನೆಯ ಕೊರತೆ ಸಣ್ಣದಲ್ಲ. ಅದೇ 2020ರಲ್ಲಿ ಉಳ್ಳವರ ಬಡಾವಣೆಗಳ ಶೇ. 87ರಷ್ಟು ಮಕ್ಕಳ ಹಲ್ಲು ಚೆನ್ನಾಗಿದ್ದರೆ, ಕಡುಬಡವರ ಬಡಾವಣೆಗಳಲ್ಲಿ ಆ ಪ್ರಮಾಣ ಶೇ. 58 ಮಾತ್ರ. ಎಲ್ಲಕ್ಕಿಂತ ಮುಖ್ಯವಾದ, ಮಲಗುವ ಮುಂಚಿನ ಹಲ್ಲುಜ್ಜುವಿಕೆ ಮನೆಗೇ ಉಳಿದಿದೆ. ಯೋಜನೆ ಮನೆಗೂ ಬ್ರಷ್ಷು, ಪೇಸ್ಟು ಕೊಡುತ್ತದೆ ನಿಜ. ರಾತ್ರಿ ಪಾಳಿಯ ಕೆಲಸಕ್ಕೆ ಹೋದ ತಾಯಿಯ ಜಾಗದಲ್ಲಿ ನಿಲ್ಲುವವರನ್ನು ಕೊಡಲಾರದು. ಸಿಹಿ ಪಾನೀಯದ ಬಾಟಲಿಯನ್ನೂ ಬ್ರಷ್ಷೊಂದೇ ಗೆಲ್ಲದು.

ಕರ್ನಾಟಕದ ಅಂಗನವಾಡಿಗಳಲ್ಲಿ ಊಟಕ್ಕೆ ಮುಂಚೆ ಕೈ ತೊಳೆಸುವ ರೂಢಿ ಇದೆ. ಅದರ ಪಕ್ಕದಲ್ಲೇ ಹಲ್ಲುಜ್ಜುವುದಕ್ಕೂ ಜಾಗ ಮಾಡಬಹುದು. ಆದರೆ ಸ್ಕಾಟ್ಲೆಂಡಿನ ಕ್ರಮವನ್ನು ಪಾವಗಡಕ್ಕೋ ಕೋಲಾರಕ್ಕೋ ಹಾಗೆಯೇ ತರಲಾಗದು. ಅಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲೇ ಫ್ಲೋರೈಡ್ ಅತಿಯಾಗಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುವುದು ಅದರಿಂದಲೇ. ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ (1000 ಪಿಪಿಎಂ) ಫ್ಲೋರೈಡ್ ಇರುವ ಪೇಸ್ಟನ್ನು ಬಟಾಣಿಯಷ್ಟು ತೆಗೆದುಕೊಂಡರೆ ಅದರಲ್ಲಿರುವ ಫ್ಲೋರೈಡ್ ಸುಮಾರು ಕಾಲು ಮಿಲಿಗ್ರಾಂ. ಭಾರತದ ಕುಡಿಯುವ ನೀರಿನ ಮಾನಕ ಕೊನೆಯ ಮಿತಿಯಾಗಿ ಒಪ್ಪುವಂತೆ ಒಂದು ಲೀಟರ್ ನೀರಿನಲ್ಲೇ ಅದರ ಆರು ಪಟ್ಟು, ಅಂದರೆ ಒಂದೂವರೆ ಮಿಲಿಗ್ರಾಂ ಇರಬಹುದು. ಹಾಗಾಗಿ ಅಂಥ ಊರುಗಳಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ನಿಲ್ಲದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಪೇಸ್ಟಿನ ಅಳತೆಯನ್ನು ಆಯಾ ಊರಿನ ನೀರು ಪರೀಕ್ಷಿಸಿ ದಂತವೈದ್ಯರು ಗೊತ್ತುಮಾಡಬೇಕು. ತೂಕ, ಆಹಾರ, ರಿಜಿಸ್ಟರು ಎಂದು ಈಗಾಗಲೇ ಬಸವಳಿದಿರುವ ಅಂಗನವಾಡಿ ಕಾರ್ಯಕರ್ತೆಗೆ ಈ ಹೊಸ ಹೊಣೆ ಹೊರಿಸುವ ಮುನ್ನ ಇನ್ನೊಬ್ಬ ಸಹಾಯಕಿಯನ್ನೂ ಆಕೆಯ ಸಂಬಳವನ್ನೂ ಇಲಾಖೆ ಮಂಜೂರು ಮಾಡಬೇಕು.