ಹತ್ತು ಎಣಿಸುವಷ್ಟರಲ್ಲಿ

ಆಳುವವರ ಭ್ರಷ್ಟಾಚಾರವನ್ನು ಬಯಲಿಗೆಳೆಯುವ ಪತ್ರಕರ್ತನೆಂದರೆ ಎದೆಗಾರಿಕೆಯ ಸಾಹಸಿಯೊಬ್ಬನ ಚಿತ್ರ ನಮ್ಮ ಕಣ್ಮುಂದೆ ನಿಲ್ಲುತ್ತದೆ. 1976ರಲ್ಲಿ ತೆರೆಕಂಡ, ಅಲನ್ ಪಕುಲ ನಿರ್ದೇಶನದ ‘ಆಲ್ ದ ಪ್ರೆಸಿಡೆಂಟ್ಸ್ ಮೆನ್’ ಎಂಬ ಅಮೆರಿಕದ ಚಲನಚಿತ್ರ ಈ ಕಲ್ಪನೆಯನ್ನು ತಿದ್ದುತ್ತದೆ. ಇಲ್ಲಿ ಹೊಡೆದಾಟವಿಲ್ಲ. ಇರುವುದು ದೂರವಾಣಿ, ಬೆರಳಚ್ಚು ಯಂತ್ರ ಮತ್ತು ಮುಖದ ಮೇಲೆಯೇ ಮುಚ್ಚಿಕೊಳ್ಳುವ ಬಾಗಿಲುಗಳು.

ಕಥೆ ನಿಜವಾಗಿ ನಡೆದದ್ದು. 1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ್ದ ಐವರು ಸೆರೆಸಿಕ್ಕರು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಯುವ ವರದಿಗಾರರಾದ ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಹಣದ ಜಾಡು ಹಿಡಿದು ಹೊರಟರು. ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಚುನಾವಣಾ ನಿಧಿಗೆಂದು ಬಂದ 25,000 ಡಾಲರುಗಳ ಚೆಕ್ಕು ಆ ಐವರಲ್ಲಿ ಒಬ್ಬನ ಬ್ಯಾಂಕ್ ಖಾತೆ ಸೇರಿತ್ತು.

ಚಿತ್ರದ ಹಿರಿಮೆ ಇರುವುದು ಅದರ ತಾಳ್ಮೆಯಲ್ಲಿ. ಗ್ರಂಥಾಲಯದಲ್ಲಿ ಇಬ್ಬರೂ ರಾಶಿ ರಾಶಿ ಚೀಟಿಗಳನ್ನು ಒಂದೊಂದಾಗಿ ತಿರುವಿಹಾಕುತ್ತಾರೆ. ಕ್ಯಾಮೆರಾ ಮೇಲೇರಿದಂತೆ ಅವರು ಬರೀ ಚುಕ್ಕೆಗಳಾಗುತ್ತಾರೆ. ಕೊನೆಗೆ ಅಲ್ಲಿ ಏನೂ ಸಿಗುವುದಿಲ್ಲ. ಇನ್ನೊಂದೆಡೆ, ಚುನಾವಣಾ ಸಮಿತಿಯ ಲೆಕ್ಕಪತ್ರ ನೋಡುತ್ತಿದ್ದ ಮಹಿಳೆ ಭಯಕ್ಕೂ ಅಂತಃಸಾಕ್ಷಿಗೂ ನಡುವೆ ಸಿಲುಕಿ, ಹೆಸರು ಹೇಳಲಾರದೆ ಮೊದಲಕ್ಷರಗಳನ್ನಷ್ಟೇ ತಿಳಿಸುತ್ತಾಳೆ. ಇಂಥ ಸಾಮಾನ್ಯರ ಅಳುಕಿನ ಮಾತುಗಳಿಂದಲೇ ಸತ್ಯ ಒಟ್ಟುಗೂಡುತ್ತದೆ.

ಆದರೆ ಚಿತ್ರದ ಹೃದಯ ಬೇರೊಂದು ದೃಶ್ಯದಲ್ಲಿದೆ. ರಹಸ್ಯ ನಿಧಿಯ ಮೇಲೆ ಅಧ್ಯಕ್ಷರ ಆಪ್ತ ಹಾಲ್ಡೆಮನ್‌ಗೆ ಹಿಡಿತವಿತ್ತೆಂಬುದನ್ನು ಬರ್ನ್‌ಸ್ಟೀನ್ ಖಚಿತಪಡಿಸಿಕೊಳ್ಳಬೇಕು. ಬಾಯಿಬಿಡಲು ಹೆದರುವ ವಕೀಲನಿಗೆ ದೂರವಾಣಿಯಲ್ಲಿ ಆತ ಹೇಳುತ್ತಾನೆ: ನಾನು ಹತ್ತು ಎಣಿಸುತ್ತೇನೆ, ವರದಿ ತಪ್ಪಾದರೆ ಅಷ್ಟರೊಳಗೆ ಫೋನ್ ಇಟ್ಟುಬಿಡಿ. ಆ ಕಡೆಯವನು ಸೂಚನೆಯನ್ನು ತಪ್ಪಾಗಿ ತಿಳಿಯುತ್ತಾನೆ, ಫೋನ್ ಇಡುವುದಿಲ್ಲ. ವರದಿ ಅಚ್ಚಾಗುತ್ತದೆ. ಹಾಲ್ಡೆಮನ್ ಪಾತ್ರ ನಿಜವೇ ಆಗಿತ್ತು. ಆದರೆ ಸಾಕ್ಷಿಯೊಬ್ಬ ಅದನ್ನು ಗ್ರ್ಯಾಂಡ್ ಜ್ಯೂರಿಯ ಮುಂದೆ ಹೇಳಿದ್ದಾನೆಂದು ಬರೆದದ್ದು ಸುಳ್ಳಾಯಿತು. ಅವನನ್ನು ಅಲ್ಲಿ ಆ ಪ್ರಶ್ನೆ ಕೇಳಿರಲೇ ಇಲ್ಲ. ಆ ಒಂದು ತಪ್ಪನ್ನು ಹಿಡಿದು ಶ್ವೇತಭವನ ಅವರ ಇಡೀ ದುಡಿಮೆಯನ್ನೇ ಅಲ್ಲಗಳೆಯಿತು. ಮೌನವನ್ನು ಸಾಕ್ಷ್ಯವೆಂದು ಬಗೆದುದಕ್ಕೆ ತೆತ್ತ ಬೆಲೆ ಅದು.

ಚಿತ್ರದ ಕೊರತೆಯನ್ನೂ ಹೇಳಬೇಕು. ಇದೇ ಹೆಸರಿನ, 1974ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇಬ್ಬರೂ ಇನ್ನೂ ಗಂಭೀರವಾದ ತಪ್ಪೊಂದನ್ನು ಒಪ್ಪಿಕೊಳ್ಳುತ್ತಾರೆ: ಗೌಪ್ಯತೆಗೆ ಬದ್ಧರಾದ ಗ್ರ್ಯಾಂಡ್ ಜ್ಯೂರಿ ಸದಸ್ಯರ ಮನೆಬಾಗಿಲಿಗೇ ಹೋಗಿ ಬಾಯಿಬಿಡಿಸಲು ಯತ್ನಿಸಿದ್ದು. ಚಿತ್ರದಲ್ಲಿ ಈ ತಪ್ಪೊಪ್ಪಿಗೆ ಇಲ್ಲ. ಅದಿದ್ದಿದ್ದರೆ ನಾಯಕರು ಕುಗ್ಗುತ್ತಿರಲಿಲ್ಲ. ಒಳ್ಳೆಯ ಗುರಿ ಎಲ್ಲ ದಾರಿಗಳನ್ನೂ ಶುದ್ಧಗೊಳಿಸದೆಂಬ ಪಾಠ ಪ್ರೇಕ್ಷಕನಿಗೆ ದೊರೆಯುತ್ತಿತ್ತು. ಮೇಲಾಗಿ, ಕಥೆ 1973ರ ಜನವರಿಗೆ ನಿಂತು, ಮುಂದಿನದನ್ನು ಟೆಲಿಪ್ರಿಂಟರಿನ ಸಾಲುಗಳು ಅವಸರದಲ್ಲಿ ತಿಳಿಸುತ್ತವೆ. ಸೆನೆಟ್ ಸಮಿತಿಯ ವಿಚಾರಣೆ, ಧ್ವನಿಸುರುಳಿಗಳನ್ನು ಒಪ್ಪಿಸಬೇಕೆಂದು 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ನೀಡಿದ ಸರ್ವಾನುಮತದ ತೀರ್ಪು, ಇವೆಲ್ಲ ಸೇರಿ ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ತೊರೆದರು. ಪತ್ರಿಕೆ ದೀಪ ಹಚ್ಚಿತು. ತೀರ್ಪು ಕೊಟ್ಟದ್ದು ಇತರ ಸಂಸ್ಥೆಗಳು.

ಅರ್ಧ ತಿಳಿದದ್ದನ್ನು ಪೂರ್ಣ ಸತ್ಯವೆಂದು ಸಾರುವ ಆತುರ ಹೆಚ್ಚಿರುವ ಈ ಕಾಲದಲ್ಲಿ ಈ ಚಿತ್ರವನ್ನು ಮತ್ತೆ ನೋಡಬೇಕು. ಅನ್ಯಾಯವನ್ನು ಬಯಲುಮಾಡುವವನು ತಾನೇ ಸುಳ್ಳುಸಾಕ್ಷಿಯಾದರೆ, ಅನ್ಯಾಯಗಾರನಿಗೆ ಅದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ.