ಗ್ರಂಥಸ್ವಾಮ್ಯ ಶಾಸನವೂ ಅಂಧ ವಾಚಕರೂ: ಒಂದು ವಿಮರ್ಶೆ

1957ರ ಗ್ರಂಥಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಆದ ತಿದ್ದುಪಡಿಯು ಅಂಧ ವಾಚಕರ ಪಾಲಿಗೆ ಮಹತ್ತ್ವದ್ದೆಂಬುದು ನಿರ್ವಿವಾದ. 2010ರ ಮಸೂದೆಯು ಬ್ರೈಲ್‌ನಂತಹ ವಿಶೇಷ ರೂಪಗಳಿಗೆ ಮಾತ್ರ ವಿನಾಯಿತಿ ನೀಡಹೊರಟಿತ್ತು. ಅಂಗೀಕೃತವಾದ 52ನೆಯ ಪ್ರಕರಣವಾದರೋ ಧ್ವನಿಗ್ರಂಥ, ಗಣಕಪಠ್ಯ ಮೊದಲಾದ ಯಾವುದೇ ಸುಗಮ ರೂಪಕ್ಕೂ ಅದನ್ನು ವಿಸ್ತರಿಸಿತು. ಲಾಭಾಪೇಕ್ಷೆಯಿಲ್ಲದೆ ಇಂತಹ ಪ್ರತಿಯನ್ನು ಸಿದ್ಧಪಡಿಸುವವರು ಸ್ವಾಮ್ಯ ಹೊಂದಿದವರ ಅನುಮತಿಯನ್ನು ಬೇಡಬೇಕಾಗಿಲ್ಲ. 2013ರ ಮರಾಕೇಶ್ ಒಪ್ಪಂದವನ್ನು 2014ರ ಜೂನ್ ತಿಂಗಳಲ್ಲಿ ಮೊತ್ತಮೊದಲು ಅನುಮೋದಿಸಿದ ರಾಷ್ಟ್ರವೂ ಭಾರತವೇ.

ಆದರೆ ಅನುಮತಿ ಬೇರೆ, ಗ್ರಂಥವು ಕೈಸೇರುವುದು ಬೇರೆ. ಪೀಣ್ಯದ ಕಡೆಯ ಕಾಲೇಜೊಂದರಲ್ಲಿ ನಾನು ಇತಿಹಾಸವನ್ನು ಬೋಧಿಸುತ್ತಿದ್ದಾಗ ಅಂಧ ವಿದ್ಯಾರ್ಥಿಯೊಬ್ಬನಿಗೆ ಕನ್ನಡದ ಗ್ರಂಥವೊಂದು ಬೇಕಾಯಿತು. ಪ್ರಕಾಶಕರು ಅದರ ಗಣಕಪ್ರತಿಯನ್ನು ಸಂತೋಷದಿಂದಲೇ ಕೊಟ್ಟರು. ಯಂತ್ರವು ಓದತೊಡಗಿದಾಗ ಕೇಳಿಸಿದ್ದು ಕನ್ನಡವಲ್ಲ, ಅರ್ಥಹೀನವಾದ ಇಂಗ್ಲಿಷ್ ಅಕ್ಷರಮಾಲೆ. ಯೂನಿಕೋಡ್‌ಗಿಂತ ಹಿಂದಿನ ಅಕ್ಷರವಿನ್ಯಾಸಗಳಲ್ಲಿ ಕಣ್ಣಿಗೆ ಕನ್ನಡವಾಗಿ ತೋರುವುದು ಗಣಕದೊಳಗೆ ರೋಮನ್ ಸಂಕೇತವಾಗಿಯೇ ಇರುತ್ತದೆ. ಪರಿವರ್ತಕಗಳನ್ನು ಬಳಸಿದರೂ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟು. ಸಹಪಾಠಿಗಳು ಗ್ರಂಥವನ್ನು ಮರಳಿ ಬೆರಳಚ್ಚು ಮಾಡಿ ಮುಗಿಸುವಷ್ಟರಲ್ಲಿ ಪರೀಕ್ಷೆ ಕಳೆದುಹೋಗಿತ್ತು.

ಇಲ್ಲಿ ಗ್ರಂಥಸ್ವಾಮ್ಯವನ್ನು ಉಲ್ಲಂಘಿಸಿದವರಿಲ್ಲ. ಶಾಸನಕ್ಕೆ ತಪ್ಪಿ ನಡೆದವರೂ ಇಲ್ಲ. ದೋಷವಿರುವುದು ಆ ಶಾಸನದ ಮೌನದಲ್ಲಿ. ಪ್ರತಿ ಮಾಡುವವರನ್ನು ಅದು ತಡೆಯದು. ಓದಬಲ್ಲ ಮೂಲಪ್ರತಿಯನ್ನು ಒದಗಿಸೆಂದು ಪ್ರಕಾಶಕರಿಗೆ ವಿಧಿಸುವುದೂ ಇಲ್ಲ. ಹಾಗೆ ವಿಧಿಸುವುದು ನಮ್ಮ ಶಾಸನಕರ್ತರಿಗೆ ಅಪರಿಚಿತವೇ? 1954ರ ಅಧಿನಿಯಮವೊಂದು ಪ್ರಕಾಶಕರು ಮುದ್ರಿತ ಗ್ರಂಥಗಳನ್ನು ಸ್ವಂತ ವೆಚ್ಚದಲ್ಲಿ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಸಾರ್ವಜನಿಕ ಗ್ರಂಥಾಲಯಗಳಿಗೂ 30 ದಿನಗಳೊಳಗೆ ಒಪ್ಪಿಸಬೇಕೆಂದು ವಿಧಿಸಿತು. ಕಾಗದಕ್ಕೆ ಸಲ್ಲುವ ನಿಯಮವು ಗಣಕಪಠ್ಯಕ್ಕೆ ಏಕೆ ಸಲ್ಲಬಾರದು?

ಗಣಕಪಠ್ಯವನ್ನು ಒಪ್ಪಿಸಿದರೆ ಅದು ಮಾರುಕಟ್ಟೆಗೆ ಸೋರೀತೆಂಬ ಪ್ರಕಾಶಕರ ಆತಂಕವನ್ನು ಅಲ್ಲಗಳೆಯಲಾಗದು. ಆದರೆ ಇಂತಹ ಪ್ರತಿಗಳು ವ್ಯಾಪಾರದ ಸಾಮಾನ್ಯ ಮಾರ್ಗವನ್ನು ಸೇರದಂತೆ ಸಂಸ್ಥೆಗಳು ಎಚ್ಚರ ವಹಿಸಬೇಕೆಂದು 52ನೆಯ ಪ್ರಕರಣವೇ ಹೇಳಿದೆ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವು ಇಂತಹ ಪಠ್ಯಗಳ ವಿತರಣೆಗೆ ದಾರಿಯನ್ನೂ ತೋರಿಸಿದೆ.

ಲೋಕಕ್ಕೆಲ್ಲ ತಂತ್ರಾಂಶವನ್ನು ರಚಿಸಿಕೊಡುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳು ಇದೇ ನಗರದ ಅಂಚಿನಲ್ಲಿವೆ. ಆದಕಾರಣ ಕೊರತೆಯು ವಿದ್ಯೆಯದಲ್ಲ, ಹೊಣೆಯದು. ಶಾಸನವು ತಿದ್ದುಪಡಿಯಾಗುವವರೆಗೆ ಕಾಯುವ ಅಗತ್ಯವೂ ವಿಶ್ವವಿದ್ಯಾನಿಲಯಗಳಿಗೆ ಇಲ್ಲ. ತಮ್ಮ ಪ್ರಸಾರಾಂಗಗಳ ಗ್ರಂಥಗಳನ್ನು ಯೂನಿಕೋಡ್ ಪಠ್ಯದಲ್ಲಿಯೂ ಸಂಗ್ರಹಿಸಿಟ್ಟು, ಕೇಳಿದ ಅಂಧ ವಿದ್ಯಾರ್ಥಿಗೆ ಒಡನೆಯೇ ಒದಗಿಸುವ ಪದ್ಧತಿಯನ್ನು ಅವು ಇಂದೇ ಕೈಗೊಳ್ಳಬಹುದು. ಈ ಸಂಚಿಕೆಯಿಂದಲೇ ಅದು ಆರಂಭವಾಗಲಿ.