ಮೇಲ್ಮುದ್ರೆಯ ತಾಮ್ರನಾಣ್ಯಗಳು: ಅರ್ಥನಿರ್ಣಯದ ಪ್ರಶ್ನೆ

ನಾಣ್ಯವೂ ಒಂದು ಕಿರುಶಾಸನವೆಂಬುದು ವಿದ್ವಾಂಸರು ಒಪ್ಪಿದ ಮಾತು. ಆದರೆ ಟಂಕಸಾಲೆಯಿಂದ ಹೊರಬಂದ ಕಾಸಿನ ಮೇಲೆ ಅನಂತರ ಬೇರೊಬ್ಬರು ಅಕ್ಷರವನ್ನೋ ಚಿಹ್ನೆಯನ್ನೋ ಒತ್ತಿದ್ದರೆ ಅದು ಇಬ್ಬರು ಲಿಪಿಕಾರರ ಕೈ ತಾಗಿದ ಓಲೆಯಂತಾಗುತ್ತದೆ. ಮೂಲಪಾಠವನ್ನೂ ಪ್ರಕ್ಷಿಪ್ತವನ್ನೂ ಬೇರ್ಪಡಿಸದೆ ಅದರ ಅರ್ಥ ಹೇಳಹೊರಡುವುದು ಸಾಧುವಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆ ಈ ವಿಚಾರಕ್ಕೆ ತಕ್ಕ ನಿದರ್ಶನ. ಕೆಳದಿ ಅರಸರ ಈ ನಾಡು 1763ರಲ್ಲಿ ಹೈದರಾಲಿಯ ವಶವಾಯಿತು. 1799ರ ಬಳಿಕ ಮೈಸೂರು ಒಡೆಯರಿಗೆ ಸೇರಿತು. 1831ರಲ್ಲಿ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿತು. ಟಿಪ್ಪುವಿನ ಆನೆಯ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸುಗಳು ಒಂದರ ಹಿಂದೊಂದು ಬಂದವು. 1843ರಲ್ಲಿ ಮೈಸೂರಿನ ಟಂಕಸಾಲೆಯ ಕಾರ್ಯ ನಿಂತಿತು. ಕಂಪನಿಯ 1835ರ ಶಾಸನದಂತೆ ನೂರು ಗ್ರೇನ್ ತೂಕದ ತಾಮ್ರದ ಕಾಲಾಣೆಗಳು 64 ಸೇರಿದರೆ ಒಂದು ರೂಪಾಯಿ.

ಇಂಥ ಕಾಲಾಣೆಯೊಂದರ ಮೇಲೆ ಮೇಲ್ಮುದ್ರೆಯಿದ್ದರೆ ಅದರಿಂದ ಸಿದ್ಧವಾಗುವುದೇನು? ಮುದ್ರೆಯು ನಾಣ್ಯಕ್ಕಿಂತ ಈಚಿನದೆಂಬುದಷ್ಟೇ ನಿಶ್ಚಿತ. ಎಷ್ಟು ಈಚಿನದೆಂಬುದನ್ನು ನಾಣ್ಯದ ವರ್ಷ ಹೇಳದು. ನರಸಿಂಹರಾಜಪುರದ ಹಿಂದಿನ ಹೆಸರು ಎಡೆಹಳ್ಳಿ. ಈಗಿನ ಹೆಸರು ಬಂದದ್ದು 1915ರಲ್ಲಿ. ಆದುದರಿಂದ 1835ರ ಕಾಸಿನ ಮೇಲೆ ಈ ಹೊಸ ಹೆಸರಿನ ಮೊದಲಕ್ಷರಗಳಿದ್ದರೆ ಮುದ್ರೆ ಒತ್ತಿದ ಕಾಲ ಎಂಬತ್ತು ವರ್ಷ ಈಚೆಗೆ ಸರಿಯುತ್ತದೆ.

ಉದ್ದೇಶದ ನಿರ್ಣಯ ಇನ್ನೂ ಕಠಿಣ. ಬೆಳ್ಳಿಯ ಮೇಲಿನ ಸರಾಫರ ಗುರುತು ಲೋಹದ ಶುದ್ಧಿಗೆ ಸಾಕ್ಷಿ. ಅಲ್ಪಬೆಲೆಯ ತಾಮ್ರಕ್ಕೆ ಆ ವಿವರಣೆ ಸುಲಭವಾಗಿ ಒಗ್ಗದು. ಪೋರ್ಚುಗೀಸರು 1889ರಲ್ಲಿ ಮೊಜಾಂಬಿಕಿನಲ್ಲಿ ಭಾರತದ ರೂಪಾಯಿಗಳ ಮೇಲೆ ಕಿರೀಟದ ಮುದ್ರೆ ಒತ್ತಿದ್ದಕ್ಕೆ ರಾಜಾಜ್ಞೆಯ ಆಧಾರವುಂಟು. ಅಂಥ ಆಧಾರವಿಲ್ಲದೆಡೆ ಮುದ್ರೆಯನ್ನು ಅರಸರಿಗೋ ಮಠಕ್ಕೋ ತೋಟದ ಒಡೆಯರಿಗೋ ಆರೋಪಿಸುವುದು ಊಹೆಯೇ ಹೊರತು ಇತಿಹಾಸವಲ್ಲ. ಸಿಕ್ಕಿದ ಊರೇ ಒತ್ತಿದ ಊರೆಂಬ ವಾದವೂ ನಿಲ್ಲದು. ಯಾತ್ರಿಕರ ಗಂಟಿನಲ್ಲಿ ಶೃಂಗೇರಿಗೂ ಅಡಕೆ ವ್ಯಾಪಾರಿಯ ಚೀಲದಲ್ಲಿ ಕೊಪ್ಪಕ್ಕೂ ದೂರದ ಕಾಸು ಬರಬಹುದು.

ಹಾಗೆಂದು ಈ ಕಾಸುಗಳು ನಿರರ್ಥಕವಲ್ಲ. ಒಂದೇ ಅಚ್ಚಿನ ಗುರುತು ಒಂದೇ ಸೀಮೆಯ ಹಲವು ಮನೆಗಳಲ್ಲಿ ದೊರೆತರೆ ಊಹೆಗೆ ಬಲ ಬರುತ್ತದೆ. ಅದಕ್ಕಾಗಿ ತೂಕ, ಅಳತೆ, ದೊರೆತ ಸ್ಥಳ, ಮುದ್ರೆಯ ಸವಕಳಿ ಇವುಗಳನ್ನು ಬರೆದಿಡಬೇಕು. ಹುಣಸೆಹುಳಿ ಹಚ್ಚಿ ತಿಕ್ಕಿ ಹೊಳಪಿಸಿದ ಕಾಸು, ತಾಮ್ರದ ತೂಕಕ್ಕೆ ಮಾರಿದ ಕಾಸು, ಎರಡೂ ಸಾಕ್ಷಿ ಕಳೆದುಕೊಂಡವೇ. ಅರಸರ ಹೆಸರು ಗ್ರಂಥಗಳಲ್ಲಿ ಉಳಿದೀತು. ಸಂತೆಯಲ್ಲಿ ಕಾಸು ಎಣಿಸಿದ ಸಾಮಾನ್ಯರ ಗುರುತು ಉಳಿಯುವುದಾದರೆ ಇಂಥ ತುಣುಕುಗಳಲ್ಲಿಯೇ.